ಬಳಗದ ಪರವಾಗಿ ಸಮ್ಮೇಳನಕ್ಕೆ ಹೊರಟವರಿಗೆ ಒಂದು ಮಾರ್ಗದರ್ಶಿ

ಭಾಷಣ ಕೇಳುವ ಆಸೆಯೊಂದೇ ಇದ್ದರೆ ಸಮ್ಮೇಳನಕ್ಕೆ ಹೋಗುವ ಅಗತ್ಯವೇ ಇಲ್ಲ. ತಂತ್ರಜ್ಞಾನ ಸಮ್ಮೇಳನಗಳ ಉಪನ್ಯಾಸಗಳು ಇಂದಲ್ಲ ನಾಳೆ ಯೂಟ್ಯೂಬಿಗೆ ಬರುತ್ತವೆ. ಮನೆಯಲ್ಲಿ ಫ್ಯಾನಿನ ಕೆಳಗೆ ಕುಳಿತು, ಬೇಸರ ಬಂದ ಕಡೆ ಓಡಿಸಿ, ತಿಳಿಯದ ಕಡೆ ನಿಲ್ಲಿಸಿ ನೋಡಬಹುದು. ಆದರೆ ನಿಮ್ಮಂತೆಯೇ ಸಂಬಳವಿಲ್ಲದೆ ಒಂದು ಗುಂಪನ್ನು ನಡೆಸುತ್ತಿರುವ ಬೇರೆ ಊರಿನವರು ಯಾವ ವಿಡಿಯೊದಲ್ಲೂ ಸಿಗುವುದಿಲ್ಲ. ಸಭಾಂಗಣದ ಕೀಲಿ ಯಾರ ಬಳಿ ಇರುತ್ತದೆ, ಮೊದಲ ಸಲ ಬಂದವರು ಎರಡನೆಯ ಸಲ ಏಕೆ ಬರುವುದಿಲ್ಲ, ಖಜಾಂಚಿಗೆ ವರ್ಗಾವಣೆಯಾದರೆ ಲೆಕ್ಕ ಯಾರು ನೋಡುತ್ತಾರೆ ಎಂಬಂಥ ವಿಷಯಗಳನ್ನು ಯಾರೂ ವೇದಿಕೆಯ ಮೇಲೆ ಹೇಳುವುದಿಲ್ಲ. ಊಟದ ಸಾಲಿನಲ್ಲಿ ಕೇಳಿದರೆ ಮಾತ್ರ ಹೇಳುತ್ತಾರೆ. ಆದ್ದರಿಂದ ಬಳಗ ನಡೆಸುವವರು ಸಮ್ಮೇಳನಕ್ಕೆ ಹೋಗಬೇಕಾದದ್ದು ಕೇಳುಗರಾಗಿ ಅಲ್ಲ, ಪ್ರಶ್ನೆ ಹೊತ್ತ ಪ್ರತಿನಿಧಿಗಳಾಗಿ. ಕೆಳಗಿನ ಹಂತಗಳೆಲ್ಲ ಇದೊಂದು ಮಾತಿನಿಂದಲೇ ಹುಟ್ಟಿದವು.

ಬಳಗ ಎಂದರೆ ಇಂಥದ್ದೇ ಆಗಿರಬೇಕೆಂದಿಲ್ಲ. ಕಲಬುರಗಿಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆ ಬಳಸುವವರ ಗುಂಪು ಇರಬಹುದು, ಬೀದರ್‌ನಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ ಮಾಡುವವರ ಕೂಟ ಇರಬಹುದು, ಯಾದಗಿರಿಯಲ್ಲಿ ಭಾನುವಾರ ಸೇರಿ ಲ್ಯಾಪ್‌ಟಾಪ್ ಕಲಿಯುವ ನಿವೃತ್ತ ಶಿಕ್ಷಕರ ಗುಂಪು ಇರಬಹುದು. ಹೀಗೆ ಸೇರಿ ಪರಸ್ಪರ ಕೇಳಿ ಕಲಿಯುವ ಪದ್ಧತಿ ಕಂಪ್ಯೂಟರಿನಷ್ಟೇ ಹಳೆಯದು. 1955ರಲ್ಲಿ ಅಮೆರಿಕದಲ್ಲಿ ಐಬಿಎಂ ಕಂಪ್ಯೂಟರ್ ಬಳಸುತ್ತಿದ್ದವರು ‘ಶೇರ್’ ಎಂಬ ಗುಂಪು ಕಟ್ಟಿಕೊಂಡರು. ಒಬ್ಬರು ಬರೆದ ಪ್ರೋಗ್ರಾಮನ್ನೇ ಮತ್ತೊಬ್ಬರು ಮೊದಲಿನಿಂದ ಬರೆಯುವ ದಂಡ ತಪ್ಪಲಿ ಎಂಬುದು ಉದ್ದೇಶ. 1975ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಒಂದು ಗ್ಯಾರೇಜಿನಲ್ಲಿ ಮೊದಲ ಸಭೆ ನಡೆಸಿದ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ಬಿಗೇ ಸ್ಟೀವ್ ವೋಜ್ನಿಯಾಕ್ ಮುಂದೆ ತಾವು ಮಾಡಿದ ಬೋರ್ಡನ್ನು ತಂದು ತೋರಿಸಿದರು; ಅದು ಆ್ಯಪಲ್ ಕಂಪನಿಯ ಮೊದಲ ಕಂಪ್ಯೂಟರ್ ಆ್ಯಪಲ್-1 ಆಯಿತು. ನಮ್ಮಲ್ಲಿ 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂದು ಆರಂಭವಾದ ಸಮ್ಮೇಳನ ಮುಂದೆ ಫಾಸ್ ಡಾಟ್ ಇನ್ ಎಂಬ ಹೆಸರಿನಲ್ಲಿ ಬೆಳೆಯಿತು (ಫಾಸ್ ಎಂದರೆ ಮುಕ್ತ ತಂತ್ರಾಂಶ). ಅದರ ಬೆನ್ನೆಲುಬು ಸ್ವಯಂಸೇವಕರೇ.

ಯಾವ ಸಮ್ಮೇಳನ?

ಪ್ರಾದೇಶಿಕ ಸಮ್ಮೇಳನ ಎಂದೊಡನೆ ನಮ್ಮವರ ಕಣ್ಣು ಬೆಂಗಳೂರಿನ ಕಡೆ ತಿರುಗುತ್ತದೆ. ಇಂಡಿಯಾಫಾಸ್‌ನಂಥ ದೊಡ್ಡ ಸಮ್ಮೇಳನಗಳು ಅಲ್ಲಿ ನಡೆಯುತ್ತವೆ ಎಂಬುದು ನಿಜ, ಒಮ್ಮೆಯಾದರೂ ನೋಡಬೇಕು ಎಂಬುದೂ ನಿಜ. ಆದರೆ ನಕ್ಷೆ ಬಿಡಿಸಿ ನೋಡಿ. ಕಲಬುರಗಿಯಿಂದ ಸೊಲ್ಲಾಪುರ ಸುಮಾರು 110 ಕಿಲೋಮೀಟರ್, ಹೈದರಾಬಾದ್ ಸುಮಾರು 220. ಬೀದರ್‌ನವರಿಗಂತೂ ಹೈದರಾಬಾದ್ ಬಸ್ಸಿನಲ್ಲಿ ಬೆಳಗ್ಗೆ ಹೋಗಿ ರಾತ್ರಿ ಮರಳುವಷ್ಟು ಹತ್ತಿರ. ಬೆಂಗಳೂರಿಗೆ ಹೊರಟರೆ ಒಂದು ರಾತ್ರಿ ಹೋಗಲು, ಒಂದು ರಾತ್ರಿ ಬರಲು ಕಳೆಯುತ್ತದೆ. ರಾಜ್ಯದ ಗಡಿ ಆಡಳಿತಕ್ಕೆ ಇರುವುದೇ ಹೊರತು ಬಳಗಕ್ಕಲ್ಲ. ಮೇಲಾಗಿ ದಖನಿ ಉರ್ದು ಬರುವವರಿಗೆ ಹೈದರಾಬಾದಿನ ಚಹಾದಂಗಡಿಯಲ್ಲಿ ಯಾರೂ ಹೊರಗಿನವರೆನ್ನುವುದಿಲ್ಲ, ಮರಾಠಿ ಬರುವ ಬೀದರ್‌ನವರಿಗೆ ಸೊಲ್ಲಾಪುರವೂ ಹಾಗೆಯೇ. ಅಲ್ಲಿಯ ಉಪನ್ಯಾಸ ಇಂಗ್ಲಿಷಿನಲ್ಲಿದ್ದರೂ ನಮಗೆ ಬೇಕಾದ ಮಾತುಕತೆ ನಡೆಯುವುದು ಹೊರಗೆ, ನಮಗೆ ಬರುವ ಭಾಷೆಯಲ್ಲಿ.

ಕಾರ್ಯಕ್ರಮ ಪಟ್ಟಿ ಪ್ರಕಟವಾದ ಕೂಡಲೇ ಉಪನ್ಯಾಸಕಾರರ ಹೆಸರಿಗಿಂತ ಮೊದಲು ಬಿಡುವಿನ ವೇಳೆ ನೋಡಿ. ಎರಡು ಉಪನ್ಯಾಸಗಳ ನಡುವೆ ಐದೇ ನಿಮಿಷ ಬಿಟ್ಟಿರುವ ಸಮ್ಮೇಳನದಲ್ಲಿ ಯಾರ ಪರಿಚಯವೂ ಆಗುವುದಿಲ್ಲ. ಬಳಗ ನಡೆಸುವವರಿಗೆಂದೇ ಒಂದು ಗೋಷ್ಠಿ ಇದೆಯೇ, ಸಮಾನಾಸಕ್ತರು ತಾವಾಗಿ ಸೇರಲು ಖಾಲಿ ಕೊಠಡಿ ಮೀಸಲಿಟ್ಟಿದ್ದಾರೆಯೇ ಎಂದು ಹುಡುಕಿ. ಇಲ್ಲದಿದ್ದರೆ ಆಯೋಜಕರಿಗೆ ಪತ್ರ ಬರೆದು ಕೇಳಿ. ಅವರೂ ಸ್ವಯಂಸೇವಕರೇ; ಕೇಳಿದವರಿಗೆ ಒಂದು ಕೊಠಡಿ, ಒಂದು ಗಂಟೆ ಕೊಡಲು ಸಾಮಾನ್ಯವಾಗಿ ಒಪ್ಪುತ್ತಾರೆ. ಉದ್ಘಾಟನೆಗೆ ಎರಡು ಗಂಟೆ, ಗಣ್ಯರಿಗೆ ಶಾಲು, ಹಾರ, ನೆನಪಿನ ಕಾಣಿಕೆ ಎಂದು ಪಟ್ಟಿಯಲ್ಲಿ ಕಂಡರೆ ಆ ದಿನ ತಡವಾಗಿ ಹೋದರೂ ನಷ್ಟವಿಲ್ಲ.

ಯಾರು ಹೋಗಬೇಕು?

ಬಳಗಗಳಲ್ಲಿ ಜಗಳ ಹುಟ್ಟುವುದು ಇಲ್ಲಿಯೇ. ಅಧ್ಯಕ್ಷರು ಹಿರಿಯರು, ಆದ್ದರಿಂದ ಅವರೇ ಹೋಗಲಿ ಎನ್ನುವುದು ನಮ್ಮ ಕಡೆಯ ವಾಡಿಕೆ. ನನ್ನ ಅಭಿಪ್ರಾಯ ಬೇರೆ. ಕೆಲಸ ಮಾಡುವ ಕೈ ಯಾವುದೋ ಅದು ಹೋಗಬೇಕು: ಭಾನುವಾರದ ತರಗತಿ ತೆಗೆದುಕೊಳ್ಳುವವರು, ಹಾಜರಿ ಪುಸ್ತಕ ಬರೆಯುವವರು, ಪ್ರೊಜೆಕ್ಟರ್ ಹೊತ್ತು ತರುವವರು. ಬೇರೆ ಊರಿನ ಅನುಭವ ಕಿವಿಗೆ ಬಿದ್ದಾಗ ಅದನ್ನು ನಾಳೆಯೇ ಇಲ್ಲಿ ಹೇಗೆ ಅಳವಡಿಸಬಹುದು ಎಂಬುದು ಅವರಿಗೆ ತಟ್ಟನೆ ಹೊಳೆಯುತ್ತದೆ. ಅಧ್ಯಕ್ಷರಿಗೆ ಬೇಸರವಾಗದಂತೆ ಅದನ್ನು ಸಭೆಯಲ್ಲಿ ಹೇಗೆ ಮಂಡಿಸಬೇಕು ಎಂಬುದು ಮಾತ್ರ ನಿಮ್ಮ ಜಾಣ್ಮೆಗೆ ಬಿಟ್ಟದ್ದು. ‘ಸರ್, ಹುಡುಗರು ಹೋಗಿ ಬಂದು ನಿಮಗೆ ವರದಿ ಒಪ್ಪಿಸಲಿ’ ಎಂದರೆ ಸಾಮಾನ್ಯವಾಗಿ ನಡೆಯುತ್ತದೆ.

ಒಬ್ಬರನ್ನೇ ಕಳುಹಿಸಬೇಡಿ, ಇಬ್ಬರು ಅಥವಾ ಮೂವರು ಇರಲಿ. ಒಬ್ಬರು ಹೋದರೆ ಅದು ಅವರ ಸ್ವಂತ ಅನುಭವವಾಗಿ ಉಳಿಯುತ್ತದೆ, ಇಬ್ಬರು ಹೋದರೆ ಮರಳುವ ದಾರಿಯಲ್ಲೇ ಚರ್ಚೆ ಶುರುವಾಗುತ್ತದೆ. ಕಾಲೇಜಿನ ಗುಂಪಾದರೆ ಕೊನೆಯ ವರ್ಷದ ವಿದ್ಯಾರ್ಥಿಗಳನ್ನಷ್ಟೇ ಆರಿಸಬೇಡಿ. ಅವರು ಕಲಿತದ್ದು ಮುಂದಿನ ಜೂನ್ ಹೊತ್ತಿಗೆ ಅವರ ಜೊತೆ ಊರು ಬಿಡುತ್ತದೆ. ಎರಡನೆಯ ವರ್ಷದವರೊಬ್ಬರು ತಂಡದಲ್ಲಿರಲಿ.

ತಂಡದಲ್ಲಿ ಮಹಿಳೆಯರು ಇರಬೇಕು ಎಂದು ಠರಾವು ಬರೆದರೆ ಸಾಲದು, ಏರ್ಪಾಡು ಅದಕ್ಕೆ ತಕ್ಕಂತಿರಬೇಕು. ವಿದ್ಯಾರ್ಥಿನಿಯ ಮನೆಗೆ ಬಳಗದ ಹಿರಿಯ ಸದಸ್ಯೆಯೊಬ್ಬರು ಹೋಗಿ ತಂದೆತಾಯಿಯ ಜೊತೆ ಮಾತಾಡಲಿ. ಎಲ್ಲಿ ಉಳಿಯುವುದು, ರೈಲು ಎಷ್ಟು ಹೊತ್ತಿಗೆ ಮುಟ್ಟುತ್ತದೆ, ಜೊತೆಗೆ ಯಾರು ಎಂಬುದನ್ನು ಕಾಗದದ ಮೇಲೆ ಬರೆದು ಕೊಡಿ. ‘ಕಾನ್ಫರೆನ್ಸ್’ ಎಂಬ ಮಾತು ಕೇಳಿ ಬಾಗಿಲು ಹಾಕಿಕೊಳ್ಳುವ ಮನೆಗಳು ಸಮಯ, ಸ್ಥಳ, ಜೊತೆಗಾರರ ಹೆಸರು ತಿಳಿದಾಗ ಬಾಗಿಲು ತೆರೆಯುತ್ತವೆ. ಶಿಕ್ಷಕರಿಗೆ ಓಓಡಿ, ಅಂದರೆ ಹೊರಗೆ ಹೋದ ದಿನವನ್ನೂ ಕರ್ತವ್ಯವೆಂದೇ ಎಣಿಸುವ ಅನುಮತಿ, ಬೇಕಿದ್ದರೆ ಆಯೋಜಕರಿಂದ ಆಹ್ವಾನ ಪತ್ರ ತರಿಸಿ ಮುಖ್ಯ ಶಿಕ್ಷಕರಿಗೆ ಮೊದಲೇ ಕೊಡಿ. ಹೊರಡುವ ಹಿಂದಿನ ದಿನ ಕೊಟ್ಟರೆ ಸಿಗುವುದು ಸಾಂದರ್ಭಿಕ ರಜೆ ಮಾತ್ರ.

ದುಡ್ಡಿನ ಮಾತು

ಇದನ್ನು ಮೊದಲೇ ಮುಗಿಸಿಬಿಡಿ. ಬಳಗ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತವಾಗಿದ್ದರೆ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಠರಾವು ಆಗಲಿ: ಯಾರು ಹೋಗುತ್ತಾರೆ, ಮುಂಗಡ ಎಷ್ಟು, ಯಾವ ದರ್ಜೆಯ ಟಿಕೆಟ್, ಊಟಕ್ಕೆ ದಿನಕ್ಕೆ ಎಷ್ಟು. ನೋಂದಣಿಯಾಗದ ಗುಂಪಾದರೂ ಇದೇ ವಿಷಯವನ್ನು ವಾಟ್ಸ್ಆ್ಯಪ್‌ ಗುಂಪಿನಲ್ಲಿ ಎಲ್ಲರಿಗೂ ಕಾಣುವಂತೆ ಬರೆದಿಡಿ. ಯುಪಿಐ ಮೂಲಕ ಕೊಟ್ಟದ್ದಕ್ಕೆ ಫೋನಿನಲ್ಲಿ ದಾಖಲೆ ಉಳಿಯುತ್ತದೆ, ಆಟೊಗೆ ನಗದು ಕೊಟ್ಟದ್ದಕ್ಕೆ ಉಳಿಯುವುದಿಲ್ಲ. ಅದಕ್ಕಾಗಿ ಒಂದು ಸಣ್ಣ ವೋಚರ್ ಪುಸ್ತಕ ಜೇಬಿನಲ್ಲಿರಲಿ. ಹಲವು ಸಮ್ಮೇಳನಗಳು ವಿದ್ಯಾರ್ಥಿಗಳಿಗೆ ಶುಲ್ಕ ರಿಯಾಯಿತಿ ಕೊಡುತ್ತವೆ, ಕೆಲವು ಪ್ರಯಾಣ ನೆರವನ್ನೂ ಕೊಡುತ್ತವೆ. ಅರ್ಜಿಯ ಕೊನೆಯ ದಿನಾಂಕ ಸಾಮಾನ್ಯವಾಗಿ ಸಮ್ಮೇಳನಕ್ಕಿಂತ ಬಹಳ ಮುಂಚೆ ಇರುತ್ತದೆ. ಕಲ್ಯಾಣ ಕರ್ನಾಟಕದವರು ಎಂದು ಅರ್ಜಿಯಲ್ಲಿ ಸಂಕೋಚವಿಲ್ಲದೆ ಬರೆಯಿರಿ. ದೊಡ್ಡ ನಗರದ ಹೊರಗಿನವರನ್ನು ಕರೆಯಬೇಕು ಎಂಬ ಆಸೆ ಆಯೋಜಕರಿಗೂ ಇರುತ್ತದೆ.

ಪ್ರಶ್ನೆಗಳನ್ನು ಕೂಡಿಹಾಕುವುದು

ಇಡೀ ಸಿದ್ಧತೆಯಲ್ಲಿ ಹೆಚ್ಚು ಸಮಯ ಕೊಡಬೇಕಾದ ಹಂತ ಇದೇ. ಸಮ್ಮೇಳನಕ್ಕೆ ಮೂರ್ನಾಲ್ಕು ವಾರ ಇರುವಾಗ ಬಳಗದ ಸಭೆಯಲ್ಲಿ ಒಂದು ನೋಟ್‌ಬುಕ್ ಕೈಯಿಂದ ಕೈಗೆ ಹೋಗಲಿ. ‘ಬೇರೆ ಊರಿನ ಬಳಗದವರು ಸಿಕ್ಕರೆ ಏನು ಕೇಳಬೇಕು?’ ಎಂದು ಎಲ್ಲರೂ ಒಂದೊಂದು ಸಾಲು ಬರೆಯಲಿ. ಬರೆಯಲು ಹಿಂಜರಿಯುವವರು ಹೇಳಲಿ, ಬೇರೆಯವರು ಬರೆದುಕೊಳ್ಳಲಿ.

ಮೊದಲು ಬರುವ ಪ್ರಶ್ನೆಗಳು ಮಸುಕಾಗಿರುತ್ತವೆ. ‘ಜನ ಏಕೆ ಬರುವುದಿಲ್ಲ?’ ಎಂದು ಹೈದರಾಬಾದಿನವರನ್ನು ಕೇಳಿದರೆ ‘ನಮ್ಮಲ್ಲೂ ಬರುವುದಿಲ್ಲ’ ಎಂದು ಇಬ್ಬರೂ ನಿಟ್ಟುಸಿರು ಬಿಟ್ಟು ಚಹಾ ಕುಡಿದು ಎದ್ದು ಬರಬೇಕಾಗುತ್ತದೆ. ಅದೇ ಪ್ರಶ್ನೆಯನ್ನು ಹೀಗೆ ತಿದ್ದಿ: ‘ಮೊದಲ ಸಲ ಬಂದವರಿಗೆ ಮರುವಾರ ಯಾರಾದರೂ ಫೋನ್ ಮಾಡುತ್ತಾರೆಯೇ? ಯಾರು? ಏನೆಂದು?’ ಇದಕ್ಕೆ ಉತ್ತರ ಸಿಗುತ್ತದೆ, ಆ ಉತ್ತರವನ್ನು ಇಲ್ಲಿಗೆ ತಂದು ಪ್ರಯೋಗಿಸಲೂ ಬರುತ್ತದೆ. ‘ಹಣ ಹೇಗೆ ಕೂಡಿಸುತ್ತೀರಿ?’ ಎಂಬುದರ ಬದಲು ‘ಕಳೆದ ಸಲದ ಸಭಾಂಗಣದ ಬಾಡಿಗೆ ಯಾರು ಕೊಟ್ಟರು?’ ಎಂದು ಕೇಳಿ. ಕಳೆದ ಸಲ ಏನಾಯಿತು ಎಂದು ಕೇಳಿದರೆ ಜನ ನಿಜ ಹೇಳುತ್ತಾರೆ. ಸಾಮಾನ್ಯವಾಗಿ ಏನು ಮಾಡುತ್ತೀರಿ ಎಂದರೆ ಮಾಡಬೇಕೆಂದುಕೊಂಡದ್ದನ್ನು ಹೇಳುತ್ತಾರೆ.

ನಮ್ಮ ಕಡೆಯ ಬಳಗಗಳಲ್ಲಿ ಏಳುವ ತಾಂತ್ರಿಕ ಪ್ರಶ್ನೆಗಳೂ ಪಟ್ಟಿಯಲ್ಲಿರಲಿ, ಆದರೆ ಇಲ್ಲಿಯವೇ ಆಗಿರಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದ ಹಳೆಯ ಯಂತ್ರಗಳು ವಿಂಡೋಸ್ 11ರ ಅರ್ಹತೆಯೊಳಗೆ ಬರುವುದಿಲ್ಲ. ಶಾಲೆಯ ಕೊಠಡಿಯಲ್ಲಿ, ಝೆರಾಕ್ಸ್ ಅಂಗಡಿಯಲ್ಲಿ ಇರುವ ಇಂಥ ಯಂತ್ರಗಳನ್ನು ಗುಜರಿಗೆ ಹಾಕದೆ ಲಿನಕ್ಸ್ ಹಾಕಿಕೊಟ್ಟ ಬಳಗಗಳು ಯಾವುವು? ಹಾಕಿಕೊಟ್ಟ ಮೇಲೆ ತಿಂಗಳ ಬಳಿಕ ಪ್ರಿಂಟರ್ ನಿಂತಾಗ ಯಾರು ಹೋಗಿ ನೋಡುತ್ತಾರೆ? ಎರಡನೆಯ ಪ್ರಶ್ನೆಯನ್ನು ಕೇಳಲು ಮರೆಯಬೇಡಿ. ಹಾಕಿಕೊಡುವುದು ಒಂದು ಮಧ್ಯಾಹ್ನದ ಕೆಲಸ, ನೋಡಿಕೊಳ್ಳುವುದು ವರ್ಷದ ಕೆಲಸ.

ಇನ್ನೊಂದು ಬಹುಭಾಷೆಯದು. ಬೀದರ್‌ನ ಒಂದೇ ಅಂಗಡಿಗೆ ಕನ್ನಡದ ಲಗ್ನಪತ್ರಿಕೆ, ಮರಾಠಿಯ ಕರಪತ್ರ, ಉರ್ದುವಿನ ದಾವತ್‌ನಾಮೆ ಮೂರೂ ಬರುತ್ತವೆ. ಉರ್ದು ಬಲದಿಂದ ಎಡಕ್ಕೆ ಓಡುತ್ತದೆ. ಅದೇ ಸಾಲಿನಲ್ಲಿ ಕನ್ನಡದ ಊರ ಹೆಸರು, ಫೋನ್ ನಂಬರು ಬಂದರೆ ಕ್ರಮ ಏರುಪೇರಾಗುತ್ತದೆ. ಹೈದರಾಬಾದಿನವರು ಇದನ್ನು ದಿನವೂ ಎದುರಿಸುತ್ತಾರೆ. ಅವರನ್ನು ಕೇಳದೆ ಇನ್ಯಾರನ್ನು ಕೇಳಬೇಕು?

ಕೂಡಿದ ಪ್ರಶ್ನೆಗಳಲ್ಲಿ ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಕೇಳಿದ ಸದಸ್ಯರ ಹೆಸರು ಬರೆಯಿರಿ. ಮರಳಿದ ಮೇಲೆ ಉತ್ತರ ಹೇಳಬೇಕಾದದ್ದು ಅವರಿಗೆ. ಹೆಸರಿದ್ದರೆ ಹೋದವರು ಮೈಗಳ್ಳತನ ಮಾಡುವುದಿಲ್ಲ.

ಕೊಡಲು ಏನಾದರೂ ಒಯ್ಯಿರಿ

ಬರೀ ಕೇಳುತ್ತ ತಿರುಗುವವರನ್ನು ಎರಡನೆಯ ದಿನದ ಹೊತ್ತಿಗೆ ಜನ ತಪ್ಪಿಸಿಕೊಂಡು ಹೋಗುತ್ತಾರೆ. ಒಂದು ಐದು ನಿಮಿಷದ ಮಾತು ಸಿದ್ಧವಿರಲಿ. ಲೈಟ್ನಿಂಗ್ ಟಾಕ್ ಎಂದು ಕರೆಯುವ ಈ ಕಿರು ಮಾತುಗಳಿಗೆ ಸ್ಥಳದಲ್ಲೇ ಹೆಸರು ಕೊಡಲು ಹಲವು ಕಡೆ ಅವಕಾಶವಿರುತ್ತದೆ. ಪೂರ್ಣ ಉಪನ್ಯಾಸಕ್ಕೆ ಪ್ರಸ್ತಾವ ಕಳುಹಿಸುವುದಾದರೆ ಕೃತಕ ಬುದ್ಧಿಮತ್ತೆಯ ಭವಿಷ್ಯದಂಥ ವಿಷಯ ಬೇಡ, ಅದನ್ನು ಮಾತಾಡುವವರು ಸಾಲುಗಟ್ಟಿ ನಿಂತಿದ್ದಾರೆ. ನಿಮ್ಮ ಊರಿನಲ್ಲಿ ಮಾತ್ರ ಕಾಣುವುದನ್ನು ಹೇಳಿ.

ಉದಾಹರಣೆಗೆ ಹಳೆಯ ಕನ್ನಡ ಕಡತಗಳ ಕಥೆ. ಡಿಟಿಪಿ ಅಂಗಡಿಗಳ ಹಾರ್ಡ್ ಡಿಸ್ಕಿನಲ್ಲಿ, ಕಚೇರಿಗಳ ಕಡತಗಳಲ್ಲಿ, ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ, ಶ್ರೀಲಿಪಿ ಫಾಂಟ್‌ಗಳಲ್ಲಿ ಕೂಡಿಸಿದ ಪುಟಗಳು ರಾಶಿ ಬಿದ್ದಿವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದನ್ನು ತೆರೆದರೆ ಕನ್ನಡದ ಒಂದಕ್ಷರವೂ ಕಾಣದು. ತಲೆಯ ಮೇಲೆ ಟೋಪಿ, ಗೆರೆ, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಸಂತೆ ಕಾಣುತ್ತದೆ. ಇಂಥ ಪುಟಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ, ಆದರೆ ಅವು ಎಡವುವ ಜಾಗಗಳಿವೆ. ಹಳೆಯ ಪದ್ಧತಿಯಲ್ಲಿ ‘ಧರ್ಮ’ದ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಜಾಗದಲ್ಲಿ, ಅಂದರೆ ಮಕಾರದ ನಂತರ ಕೂಡಿಸುತ್ತಿದ್ದರು, ಯೂನಿಕೋಡ್ ಉಚ್ಚಾರದ ಕ್ರಮ ಹಿಡಿಯುವುದರಿಂದ ಅಲ್ಲಿ ರಕಾರ ಮಕಾರಕ್ಕೆ ಮುಂಚೆ ಬರಬೇಕು. ಪರಿವರ್ತಕ ಈ ಹಿಂದುಮುಂದನ್ನು ಸರಿಯಾಗಿ ಹಿಡಿಯದಿದ್ದರೆ ಧರ್ಮ, ವರ್ಷ, ಕಾರ್ಯ ಎಲ್ಲವೂ ಕೆಡುತ್ತವೆ. ಒಂದು ಹಳೆಯ ಪುಟ, ಅದನ್ನು ಪರಿವರ್ತಿಸಿದ ಪುಟ, ತಪ್ಪಿದ ಪದಗಳಿಗೆ ಕೆಂಪು ಗೆರೆ: ಇಷ್ಟು ತೋರಿಸಿದರೆ ಐದು ನಿಮಿಷ ತುಂಬುತ್ತದೆ. ಇದೇ ತೊಂದರೆಯನ್ನು ತಮ್ಮ ಲಿಪಿಯಲ್ಲಿ ಅನುಭವಿಸಿದ ತೆಲುಗು, ಮರಾಠಿ ಬಳಗದವರು ಮಾತು ಮುಗಿದ ಕೂಡಲೇ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಅವರೇ ನಿಮಗೆ ಬೇಕಾದವರು.

ಕೊಡುಗೆಯಾಗಿ ಒಯ್ಯಲು ಬೀದರ್‌ನವರಿಗೆ ಬಿದ್ರಿಯ ಸಣ್ಣ ಕೀಲಿಗೊಂಚಲು ಇದ್ದೇ ಇದೆ. ಬಳಗದ ಹೆಸರು ಕೊರೆಸುವ ಗೊಡವೆ ಬೇಡ, ಅದಿಲ್ಲದೆಯೂ ಚೆನ್ನಾಗಿರುತ್ತದೆ.

ದಾರಿ ಮತ್ತು ಗಂಟು

ರೈಲಿನ ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲು ತೆರೆಯುತ್ತದೆ. 2024ರ ನವೆಂಬರಿಗೆ ಮುಂಚೆ ಇದು 120 ದಿನವಿತ್ತು. ಹಳೆಯ ಲೆಕ್ಕದಲ್ಲಿ ಕಾಯುತ್ತ ಕೂರಬೇಡಿ, ಹೊಸ ಲೆಕ್ಕದಲ್ಲಿ ಮರೆಯಲೂ ಬೇಡಿ. ಕಲಬುರಗಿ, ಯಾದಗಿರಿಯವರಿಗೆ ಬೆಂಗಳೂರಿಗೆ ರಾತ್ರಿ ಪ್ರಯಾಣಕ್ಕೆ ಉದ್ಯಾನ್, ಸೊಲ್ಲಾಪುರ–ಹಾಸನ ಗಾಡಿಗಳು ಅನುಕೂಲ. 2024ರಲ್ಲಿ ಶುರುವಾದ ಕಲಬುರಗಿ–ಬೆಂಗಳೂರು ವಂದೇ ಭಾರತ್ ನಸುಕಿನಲ್ಲಿ ಹೊರಟು ಮಧ್ಯಾಹ್ನ ಮುಟ್ಟುವುದರಿಂದ ಹಿಂದಿನ ದಿನವೇ ಹೋಗಿ ಉಳಿಯುವವರಿಗಷ್ಟೇ ಸರಿ. ಬೀದರ್‌ನವರಿಗೆ 2017ರಲ್ಲಿ ತೆರೆದ ಬೀದರ್–ಕಲಬುರಗಿ ರೈಲು ಮಾರ್ಗವೂ ಇದೆ. ಎರಡೂ ಊರಿನ ಬಳಗಗಳು ಕೂಡಿ ಹೊರಡುವುದಾದರೆ ಕಲಬುರಗಿಯಲ್ಲಿ ಸೇರಿಕೊಳ್ಳಬಹುದು.

ಬಸ್ಸಿನಲ್ಲಿ ಹೋಗುವ ಮಹಿಳೆಯರಿಗೆ ಒಂದು ಸೂಚನೆ: ಶಕ್ತಿ ಯೋಜನೆಯ ಉಚಿತ ಪ್ರಯಾಣ ರಾಜ್ಯದೊಳಗಿನ ಸಾಮಾನ್ಯ, ವೇಗದೂತ ಬಸ್ಸುಗಳಿಗೆ ಮಾತ್ರ. ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗುವ ಅಂತರರಾಜ್ಯ ಬಸ್ಸಿಗೆ ಅದು ಅನ್ವಯಿಸುವುದಿಲ್ಲ. ಮುಂಗಡದ ಲೆಕ್ಕದಲ್ಲಿ ಈ ಟಿಕೆಟ್ ದುಡ್ಡು ಸೇರಿರಲಿ.

ಗಂಟಿನಲ್ಲಿ ಪ್ರಶ್ನೆಗಳ ನೋಟ್‌ಬುಕ್, ವೋಚರ್ ಪುಸ್ತಕ, ಲ್ಯಾಪ್‌ಟಾಪ್, ಅದರ ಚಾರ್ಜರ್, ಪ್ರೊಜೆಕ್ಟರಿಗೆ ಜೋಡಿಸುವ ಎಚ್‌ಡಿಎಂಐ ತಂತಿ. ಒಂದು ಎಕ್ಸ್‌ಟೆನ್ಶನ್ ಬೋರ್ಡ್ ಇದ್ದರಂತೂ ಸಭಾಂಗಣದ ಮೂಲೆಯ ಏಕೈಕ ಪ್ಲಗ್ ಪಾಯಿಂಟಿನ ಸುತ್ತ ನೀವೇ ರಾಜರು. ಪರಿಚಯಕ್ಕೆ ಇದಕ್ಕಿಂತ ಸುಲಭದ ದಾರಿ ನಾನು ಕಂಡಿಲ್ಲ. ನಿಮ್ಮ ಮಾತಿನ ಸ್ಲೈಡುಗಳನ್ನು ಪಿಡಿಎಫ್ ಮಾಡಿ ಪೆನ್‌ಡ್ರೈವಿನಲ್ಲೂ ಇಡಿ. ಬೇರೆಯವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇರಬೇಕೆಂದಿಲ್ಲ, ಪಿಡಿಎಫ್‌ನಲ್ಲಿ ಫಾಂಟನ್ನು ಒಳಗೇ ಸೇರಿಸಿಟ್ಟರೆ ಒತ್ತಕ್ಷರ ಕೆಡುವುದಿಲ್ಲ. ದಾರಿಯ ಬುತ್ತಿಗೆ ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಸ್ವಲ್ಪ ಹೆಚ್ಚೇ ಕಟ್ಟಿಸಿಕೊಳ್ಳಿ, ಕೇಳುವವರಿರುತ್ತಾರೆ.

ಅಲ್ಲಿಗೆ ಮುಟ್ಟಿದ ಮೇಲೆ

ಮೊದಲ ಕೆಲಸ: ಬೇರೆ ಬೇರೆಯಾಗುವುದು. ಒಂದೇ ಊರಿನವರು ಒಂದೇ ಸಾಲಿನಲ್ಲಿ ಕುಳಿತು, ಒಂದೇ ಮೇಜಿನಲ್ಲಿ ಉಂಡು, ತಮ್ಮತಮ್ಮಲ್ಲೇ ಮಾತಾಡಿ ಮರಳಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಬೆಳಗ್ಗೆ ಪಟ್ಟಿ ನೋಡಿ ಹಂಚಿಕೊಳ್ಳಿ, ಊಟಕ್ಕೆ ಬೇರೆ ಬೇರೆ ಮೇಜಿಗೆ ಹೋಗಿ, ರಾತ್ರಿ ಕೊಠಡಿಯಲ್ಲಿ ಸೇರಿ ಒಬ್ಬೊಬ್ಬರು ಕೇಳಿದ್ದನ್ನು ಹೇಳಿಕೊಳ್ಳಿ.

ಯಾರ ಜೊತೆ ಮಾತಾಡಬೇಕು? ವೇದಿಕೆಯಿಂದ ಇಳಿದ ಖ್ಯಾತರ ಸುತ್ತ ಸೆಲ್ಫಿಯವರ ಗುಂಪಿರುತ್ತದೆ, ಅಲ್ಲಿ ನಿಮಗೆ ಕೆಲಸವಿಲ್ಲ. ನೋಂದಣಿ ಮೇಜಿನ ಹಿಂದೆ ಕುಳಿತವರು, ಮೈಕ್ ಸರಿಮಾಡುತ್ತ ಓಡಾಡುವವರು, ನೀರಿನ ಕ್ಯಾನ್ ಬದಲಿಸುವವರು ಯಾವುದೋ ಒಂದು ಬಳಗದ ಕಾರ್ಯಕರ್ತರೇ ಆಗಿರುತ್ತಾರೆ. ಮಧ್ಯಾಹ್ನದ ಗದ್ದಲ ಇಳಿದ ಮೇಲೆ ಅವರ ಪಕ್ಕ ಒಂದು ಕುರ್ಚಿ ಎಳೆದುಕೊಳ್ಳಿ. ಅರ್ಧ ಗಂಟೆ ಅವರ ಕೆಲಸಕ್ಕೆ ಕೈ ಜೋಡಿಸಿದರೆ ಇನ್ನೂ ಒಳ್ಳೆಯದು. ಹೆಸರಿನ ಚೀಟಿ ಹಂಚುತ್ತ ಕೇಳಿದ ಪ್ರಶ್ನೆಗೆ ಜನ ಬಿಚ್ಚುಮನಸ್ಸಿನಿಂದ ಉತ್ತರಿಸುತ್ತಾರೆ.

ಉತ್ತರವನ್ನು ಅಲ್ಲೇ ಬರೆದುಕೊಳ್ಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ಹೀಗೊಂದು ಮೇಜಿನಲ್ಲಿ ಕೇಳಿದ ಉಪಾಯ ಹೇಳುತ್ತೇನೆ. ಆ ಬಳಗದ ಹಾಜರಿ ಪುಸ್ತಕದಲ್ಲಿ ಹೆಸರು, ಫೋನ್ ನಂಬರುಗಳ ಪಕ್ಕ ಇನ್ನೊಂದು ಕಾಲಂ ಇತ್ತು: ‘ಇಂದು ಯಾವ ತೊಂದರೆ ಹಿಡಿದು ಬಂದಿರಿ?’ ಪ್ರಿಂಟರ್, ಮಗಳ ಸ್ಕಾಲರ್‌ಶಿಪ್ ಅರ್ಜಿ, ಫೋಟೊ ಅಳಿಸಿಹೋಗಿದೆ, ಹೀಗೆ ಒಂದೊಂದು ಪದ. ಅದರ ಪಕ್ಕದ ಕೊನೆಯ ಕಾಲಂ ಖಾಲಿ; ತೊಂದರೆ ಬಗೆಹರಿದ ದಿನ ಅಲ್ಲಿ ಒಂದು ಸರಿ ಗುರುತು. ಗುರುತು ಬೀಳದ ಹೆಸರುಗಳಿಗೆ ಮಾತ್ರ ವಾರದ ನಡುವೆ ಒಬ್ಬರು ಫೋನ್ ಮಾಡುತ್ತಾರೆ. ಸಾಫ್ಟ್‌ವೇರ್ ಇಲ್ಲ, ಖರ್ಚಿಲ್ಲ, ಸ್ಕೇಲಿನಿಂದ ಎಳೆದ ಎರಡು ಗೆರೆಗಳಷ್ಟೇ. ಇಂಥದ್ದೊಂದು ಸಿಕ್ಕಿದರೆ ರೈಲಿನ ದುಡ್ಡು ವಸೂಲಾದಂತೆಯೇ. ಅವರ ಅನುಮತಿ ಕೇಳಿ ಖಾಲಿ ಪುಟದ ಫೋಟೊ ತೆಗೆದುಕೊಳ್ಳಿ. ಹೆಸರು, ನಂಬರು ತುಂಬಿದ ಪುಟದ್ದು ಬೇಡ.

ಸಮ್ಮೇಳನದ ನಡವಳಿಕೆ ನಿಯಮಗಳನ್ನು ಮೊದಲ ದಿನವೇ ಓದಿಕೊಳ್ಳಿ. ಕೇಳದೆ ಫೋಟೊ ತೆಗೆಯಬಾರದು, ಬೇಡ ಎಂದವರನ್ನು ಬಿಟ್ಟುಬಿಡಬೇಕು ಎಂಬುದು ಬಹುತೇಕ ಎಲ್ಲ ಕಡೆ ಇರುತ್ತದೆ. ದೂರು ಯಾರಿಗೆ ಕೊಡಬೇಕು ಎಂಬುದನ್ನು ತಂಡದ ಕಿರಿಯರಿಗೆ ತೋರಿಸಿಡಿ. ಕಂಪನಿಗಳ ಮಳಿಗೆಯಲ್ಲಿ ಟೀ ಶರ್ಟ್ ಪಡೆಯಿರಿ, ಸ್ಟಿಕ್ಕರ್ ಪಡೆಯಿರಿ, ಆದರೆ ‘ನಿಮ್ಮ ಬಳಗದ ಸದಸ್ಯರ ಪಟ್ಟಿ ಕೊಟ್ಟರೆ ಉಚಿತ ತರಬೇತಿ’ ಎಂಬ ಮಾತಿಗೆ ಬೀಳಬೇಡಿ. ಆ ಪಟ್ಟಿ ನಿಮ್ಮದಲ್ಲ, ಸದಸ್ಯರದ್ದು. ಕಂಪನಿಯವರ ಕಾರ್ಡ್ ತೆಗೆದುಕೊಂಡು ಬಂದು ಸಭೆಯಲ್ಲಿ ಇಟ್ಟರೆ ಸಾಕು, ಬೇಕಾದವರು ಫೋನ್ ಮಾಡಿಕೊಳ್ಳಲಿ.

ಕೊನೆಯ ದಿನ ಮಧ್ಯಾಹ್ನವೇ ರೈಲಿಗೆ ಓಡುವವರು ಬಹಳ. ಸಮಾರೋಪದ ಭಾಷಣ ಬಿಟ್ಟರೆ ಚಿಂತೆಯಿಲ್ಲ, ಅದರ ನಂತರ ಕುರ್ಚಿ ಮಡಚುವ ಹೊತ್ತನ್ನು ಬಿಡಬೇಡಿ. ಮುಂದಿನ ಸಲ ಎಲ್ಲಿ, ಯಾರು ಮಾಡುತ್ತಾರೆ ಎಂಬ ಮಾತು ಆಗಲೇ ಶುರುವಾಗುತ್ತದೆ.

ಮರಳಿದ ಮೇಲೆ

ಮುಂದಿನ ಸಭೆ ತಪ್ಪದೆ ವರದಿಗೆ ಮೀಸಲಾಗಲಿ. ಫೋಟೊ ತೋರಿಸುತ್ತ ಒಂದು ಗಂಟೆ ಕಳೆಯುವುದು ವರದಿಯಲ್ಲ. ನೋಟ್‌ಬುಕ್ ತೆರೆದು, ಪ್ರಶ್ನೆ ಕೇಳಿದವರ ಹೆಸರು ಕರೆದು, ಸಿಕ್ಕ ಉತ್ತರ ಓದಿ. ಉತ್ತರ ಸಿಗದಿದ್ದರೆ ಸಿಗಲಿಲ್ಲ ಎನ್ನಿ. ಆಮೇಲೆ ತಂದ ಉಪಾಯಗಳಲ್ಲಿ ಒಂದನ್ನು, ಒಂದನ್ನೇ, ಸಭೆ ಆರಿಸಲಿ. ಮೂರು ತಿಂಗಳು ಅದನ್ನು ನಡೆಸಿ ನೋಡುವುದು ಯಾರ ಹೊಣೆ ಎಂದು ಹೆಸರು ಬರೆಯಲಿ. ಹೋಗಿ ಬಂದವರ ಉತ್ಸಾಹಕ್ಕೆ ಕಟ್ಟುಬಿದ್ದು ಆರು ಬದಲಾವಣೆಗಳನ್ನು ಒಟ್ಟಿಗೆ ಶುರುಮಾಡಿದರೆ ಹೋಗದೆ ಉಳಿದವರು ಹಿಂದೆ ಸರಿಯುತ್ತಾರೆ, ಅದು ಸಹಜ.

ಲೆಕ್ಕವನ್ನು ಅದೇ ಸಭೆಯಲ್ಲಿ ಒಪ್ಪಿಸಿ: ಮುಂಗಡ, ಖರ್ಚು, ವೋಚರುಗಳು, ಉಳಿದ ಹಣ. ಉಳಿಯದಿದ್ದರೂ, ಕೈಯಿಂದ ಹಾಕಿದ್ದರೂ ಬರೆದು ಒಪ್ಪಿಸಿ. ಪರಿಚಯವಾದವರಿಗೆ ವಾರದೊಳಗೆ ಒಂದು ಸಂದೇಶ ಹೋಗಲಿ. ಅವರು ಕೇಳಿದ್ದ ಕಡತವನ್ನೋ ಕೊಂಡಿಯನ್ನೋ ಅದರ ಜೊತೆಗೇ ಕಳುಹಿಸಿ. ದಿನವೂ ‘ಶುಭೋದಯ’ದ ಹೂವಿನ ಚಿತ್ರ ಕಳುಹಿಸುವ ನಂಬರುಗಳ ಸಾಲಿಗೆ ಮಾತ್ರ ಸೇರಬೇಡಿ.

ಇಲ್ಲಿಗೆ ಕರೆಯುವುದಾದರೆ

‘ಮುಂದಿನ ಸಲ ಕಲಬುರಗಿಯಲ್ಲಿ’ ಎಂದು ಅಲ್ಲಿ ಆವೇಶದಲ್ಲಿ ಕೈ ಎತ್ತುವ ಮುಂಚೆ ಪಂಚಾಂಗ ನೋಡಿ. ಮಾರ್ಚ್ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಬಿಸಿಲು ನೆತ್ತಿ ಸುಡುತ್ತದೆ, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ಹೋಳಿಯ ನಂತರ ಶರಣಬಸವೇಶ್ವರ ಜಾತ್ರೆ. ಆಗ ವಸತಿಗೃಹ ಸಿಗುವುದು ಕಷ್ಟ. ಖಾಜಾ ಬಂದಾ ನವಾಜ್ ದರ್ಗಾದ ಉರುಸ್ ಚಾಂದ್ರಮಾನದ ಪ್ರಕಾರ ಬರುವುದರಿಂದ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ, ಆ ವರ್ಷದ ದಿನಾಂಕ ಕೇಳಿಕೊಳ್ಳಬೇಕು. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ಆಸುಪಾಸಿನಲ್ಲಿ ಸರ್ಕಾರಿ ಸಭಾಂಗಣಗಳು ಖಾಲಿ ಇರುವುದಿಲ್ಲ. ನವೆಂಬರ್‌ನಿಂದ ಜನವರಿವರೆಗೆ ಹವೆ ಹಿತ, ಆದರೆ ಕಾಲೇಜು ಪರೀಕ್ಷೆಗಳ ವೇಳಾಪಟ್ಟಿ ಅದರೊಳಗೇ ಬರುತ್ತದೆ. ವಿದ್ಯಾರ್ಥಿ ಸ್ವಯಂಸೇವಕರಿಲ್ಲದೆ ಸಮ್ಮೇಳನ ಇಲ್ಲ.

ಇಷ್ಟೆಲ್ಲ ಜರಡಿ ಹಿಡಿದ ಮೇಲೆ ಉಳಿಯುವ ಎರಡು ಮೂರು ವಾರಾಂತ್ಯಗಳನ್ನು ಆರು ತಿಂಗಳು ಮೊದಲೇ ಸಭಾಂಗಣದವರಿಗೆ ಬರೆದು ಕೊಡಿ. ಪತ್ರದಲ್ಲಿ ಕೇಳಬೇಕಾದದ್ದು ಕುರ್ಚಿಯ ಲೆಕ್ಕಕ್ಕಿಂತ ಮುಂಚೆ ಮೂರು ವಿಷಯ: ಕರೆಂಟ್ ಹೋದರೆ ಜನರೇಟರ್ ಇಡೀ ಕಟ್ಟಡಕ್ಕೋ ವೇದಿಕೆಗೆ ಮಾತ್ರವೋ, ಮಹಿಳೆಯರ ಶೌಚಾಲಯದಲ್ಲಿ ನೀರು ಬರುತ್ತದೆಯೋ, ಭಾನುವಾರ ಬೆಳಗ್ಗೆ ಗೇಟಿನ ಕೀಲಿ ತೆಗೆಯುವವರ ಫೋನ್ ನಂಬರ್ ಯಾವುದು. ಮೂರಕ್ಕೂ ಲಿಖಿತ ಉತ್ತರ ಬರುವವರೆಗೆ ಮುಂಗಡ ಕಟ್ಟಬೇಡಿ.